ಅನ್ನಪೂರ್ಣವ್ವ ಹೇಳದ ಹೆಸರು

ಕ್ರಾನ್‌ಬರ್ನ್‌ನ ನಮ್ಮ ಕಮ್ಯುನಿಟಿ ಕಾಲೇಜಿಗೆ ಸೇರಲು ಬರುವವರ ಇಂಗ್ಲಿಷನ್ನು ಅಳೆದು, ಯಾರು ಯಾವ ತರಗತಿಗೆ ಎಂದು ಹೇಳುವುದು ನನ್ನ ಕೆಲಸ. ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ಇಪ್ಪತ್ತು ನಿಮಿಷದಲ್ಲಿ ಒಬ್ಬ ಮನುಷ್ಯನನ್ನು ಅಳೆದುಬಿಡುತ್ತೇನೆ ಎನ್ನುವ ಆ ಪ್ರಶ್ನೆಪತ್ರಿಕೆಯ ಜಂಬ ನನಗೆ ಎಂದೂ ಹಿಡಿಸಿಲ್ಲ. ಆದರೂ ದಿನಾ ಅದನ್ನೇ ಹಿಡಿದು ಕೂರುತ್ತೇನೆ.

ಕಳೆದ ಮಾರ್ಚಿನಲ್ಲಿ ಅನ್ನಪೂರ್ಣವ್ವ ಬಂದರು. ಗದಗಿನ ಕಡೆಯವರು, ಅರವತ್ತಕ್ಕೆ ಎರಡು ಕಡಿಮೆ. ಈ ಪರದೇಶದಲ್ಲಿ ನೆಲೆಸಿದ್ದ ಮಗಳು ಸಿಂಚನಾಳ ಮನೆಗೆ ಗಂಡನೊಂದಿಗೆ ಬಂದು ಆರು ವರ್ಷವಾಗಿತ್ತು. ಗಂಡ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಇಲ್ಲಿಗೆ ಬಂದ ಮೇಲೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಮೂರು ವರ್ಷ ಅವರನ್ನು ಎತ್ತಿ, ಮಗ್ಗುಲು ಹೊರಳಿಸಿ, ಮೈ ಒರೆಸಿ ನೋಡಿಕೊಂಡವರು ಈಕೆ. ಮಲಗಿದಲ್ಲಿಂದಲೇ ಆತ ಹೆಂಡತಿಗೆ ಇಂಗ್ಲಿಷ್ ಕಲಿಸಿದರು. ಔಷಧಿ ಡಬ್ಬಿಯ ಮೇಲಿನ ಬರಹ, ಟಪಾಲಿನಲ್ಲಿ ಬರುವ ಅಂಗಡಿಗಳ ಜಾಹೀರಾತು, ಎಲ್ಲವೂ ಪಾಠವೇ. ಹಿಂದಿನ ವರ್ಷ ತೀರಿಕೊಂಡರು.

ಅನ್ನಪೂರ್ಣವ್ವನಿಗೆ ಈಗ ಬೇಕಿದ್ದದ್ದು ಒಂದೇ, ವೃದ್ಧರ ಆರೈಕೆಯ ಕೋರ್ಸು. ಅದಕ್ಕೆ ಇಂಗ್ಲಿಷಿನಲ್ಲಿ ಮೂರನೇ ಲೆವೆಲ್ ಬೇಕು. ಓದು, ಬರಹ ಎರಡನ್ನೂ ಸಲೀಸಾಗಿ ದಾಟಿದ್ದರು. ಉಳಿದದ್ದು ಮಾತು.

ರೆಕಾರ್ಡರ್ ಒತ್ತಿದೆ. ಆ ಕೋಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ತಮ್ಮ ಹೆಸರು, ಊರು, ಮಗಳು, ಮೊಮ್ಮಗಳು ಆದ್ಯಾ, ಎಲ್ಲ ಚೆನ್ನಾಗಿಯೇ ಹೇಳಿದರು. ಗಂಡನ ಹೆಸರೇನು ಎಂಬ ಮುಂದಿನ ಪ್ರಶ್ನೆ ಓದಿದೆ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ತಲೆ ತಗ್ಗಿಸಿದರು. ನಿಯಮದಂತೆ ಇನ್ನೊಮ್ಮೆ ಕೇಳಿದೆ. ಉತ್ತರವಿಲ್ಲ. ನಾನು ಮೈಸೂರಿನವಳು, ನನ್ನ ಅಜ್ಜಿಯೂ ತಾತನ ಹೆಸರು ಹಿಡಿದವರಲ್ಲ. ಈಕೆ ಯಾಕೆ ಸುಮ್ಮನಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೊದಲ ಭಾಗದಲ್ಲಿ ಎರಡು ಸಲ ಕೇಳಿದರೂ ಬಾಯಿ ಬಿಡದವರನ್ನು ಮುಂದಕ್ಕೆ ಬಿಡುವಂತಿಲ್ಲ. ಪರೀಕ್ಷೆ ನಿಲ್ಲಿಸಿ, ಒಂದನೇ ಲೆವೆಲ್ ಎಂದು ಬರೆದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ಅಸಹ್ಯವನ್ನು ಹೊರಗೆ ಬಂದ ಮೇಲೆ ಅವರ ಮೇಲೆಯೇ ತೀರಿಸಿಕೊಂಡೆ. "ಒಂದು ಹೆಸರು ಆಂಟಿ. ಹೇಳ್ಬಿಟ್ಟಿದ್ರೆ ಕೋರ್ಸ್ ಸಿಕ್ತಿತ್ತು."

"ನಲವತ್ತು ವರ್ಷದಾಗ ಬಾಯಿಗೆ ತಂದಿಲ್ರಿ. ಮದುವ್ಯಾಗ ಒಡಪು ಕಟ್ಟಿ ಒಮ್ಮೆ ಹೇಳಿದ್ದು, ಅಷ್ಟ."

ಆ ಕಡೆ ಮದುವೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಸಾಲಿಗೆ ಸೇರಿಸಿ ಹೇಳುತ್ತಾರೆ, ಅದೇ ಒಡಪು.

"ಬರದು ಕೊಡ್ತಿದ್ದೆ ಮೇಡಮ್. ನೀವು ಹಾಳಿ ಕೊಡ್ಲಿಲ್ಲ," ಎಂದರು ಅನ್ನಪೂರ್ಣವ್ವ.

ಹಾಳೆಗಳ ಕಟ್ಟೇ ನನ್ನ ಮುಂದಿತ್ತು. ಕೊಟ್ಟಿದ್ದರೂ ಮಾತಿನ ಪರೀಕ್ಷೆಯಲ್ಲಿ ಅದು ನಡೆಯುತ್ತಿರಲಿಲ್ಲ, ನಿಜ. ಆದರೆ ನಾನು ಕೊಡಬೇಕೆಂದು ಯೋಚಿಸಲೂ ಇಲ್ಲ.

ಆ ಪ್ರಶ್ನೆ ಬದಲಿಸಿ ಎಂದು ಮೇಲಿನವರಿಗೆ ಎರಡು ಸಲ ಬರೆದೆ. ಎಲ್ಲರಿಗೂ ಒಂದೇ ಅಳತೆ ಎಂಬ ಉತ್ತರ ಬಂತು. ಆರು ವಾರದ ಮೇಲೆ ಮರುಪರೀಕ್ಷೆ. ಅದೂ ತಪ್ಪಿದರೆ ಆ ವರ್ಷದ ಕೋರ್ಸು ಕೈತಪ್ಪಿದಂತೆಯೇ.

ಮತ್ತೆ ಅದೇ ಕೋಣೆ, ಅದೇ ಪ್ರಶ್ನೆ. ಅನ್ನಪೂರ್ಣವ್ವ ಮೇಜಿನ ಅಂಚು ಹಿಡಿದುಕೊಂಡರು.

"ಸುಬ್ಬಣ್ಣ," ಎಂದರು, ಗಟ್ಟಿಯಾಗಿ. ತಮಗೆ ಇಂಗ್ಲಿಷ್ ಕಲಿಸಿದವರು ಅವರೇ ಎಂದು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಸೇರಿಸಿದರು. ನಾನು ಮುಂದಿನ ಪ್ರಶ್ನೆ ಓದಿದೆ.

ಮೂರನೇ ಲೆವೆಲ್ ಎಂದು ಬರೆದ ಕಾಗದವನ್ನು ಹೊರಗೆ ಅವರ ಕೈಗಿಟ್ಟೆ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆ ಪಕ್ಕದ ಕುರ್ಚಿಯಲ್ಲಿ ಕುಳಿತು ಅಳತೊಡಗಿದರು.

"ಹೆಸರು ಹಿಡದ್ರ ಗಂಡನ ಆಯುಷ್ಯ ಕಡಿಮಿ ಆಕ್ಕೈತಿ ಅಂತಿದ್ಲು ನಮ್ಮವ್ವ. ಇಷ್ಟು ದಿನ ಹೇಳಿರ್ಲಿಲ್ಲ, ಅವರು ಇದ್ದಂಗ ಇದ್ರು. ಇವತ್ತ ಖರೇನ ಹ್ವಾದ್ರು, ಮೇಡಮ್."