ಆಂಟೆನಾ ಇಲ್ಲದ ರೇಡಿಯೋ ಆಡಿದ ಮಾತು

ದೆವ್ವ, ಶಕುನ ಎಂದರೆ ನಗುತ್ತಿದ್ದವನು ನಾನು. ಯಾರಾದರೂ ಇಂಥ ಕಥೆ ಶುರು ಮಾಡಿದರೆ "ಮೊದ್ಲು ವೈರಿಂಗ್ ನೋಡ್ಕೊಳ್ರೀ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನಗೆ ಅದನ್ನೇ ಹೇಳಿದರೂ ಬೇಸರವಿಲ್ಲ. ವೈರಿಂಗ್ ನಾನೂ ನೋಡಿದ್ದೇನೆ.

ಊರು ಬಿಟ್ಟು ಈ ಪರದೇಶದ ಪುಚೊಂಗ್‌ನಲ್ಲಿ ಹದಿನಾಲ್ಕನೇ ಮಹಡಿಯ ಮನೆಗೆ ಬಂದ ಹೊಸತರಲ್ಲಿ ನನಗೆ ದೂರದೂರದವರೊಂದಿಗೆ ಮಾತಾಡುವ ಹವ್ಯಾಸಿ ರೇಡಿಯೋ ಹುಚ್ಚು ಹಿಡಿಯಿತು. ಪಕ್ಕದ ಮನೆಯ ಸೆಲ್ವಂ ಅಣ್ಣನೇ ಗುರು. ಅವರು ಕೊಡಿಸಿದ ರೇಡಿಯೋ ಕಿಟ್‌ನ ಬಿಡಿಭಾಗಗಳಿಗೆ ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿ ಮುಗಿಸಿದೆ. ಲೈಸೆನ್ಸ್ ಇನ್ನೂ ಬಂದಿರಲಿಲ್ಲವಾದ್ದರಿಂದ ಆಂಟೆನಾ ಬದಲು ಡಮ್ಮಿ ಲೋಡ್ ಸಿಕ್ಕಿಸಿ ಪರೀಕ್ಷಿಸಲು ಹೇಳಿದ್ದರು. ಬೆರಳುದ್ದದ ರೆಸಿಸ್ಟರ್ ಅದು. ಆಡಿದ ಮಾತು ಹೊರಗೆ ಹೋಗದೆ ಅದರಲ್ಲೇ ಬಿಸಿಯಾಗಿ ಮುಗಿದುಹೋಗುತ್ತದೆ.

ಒಂದು ಭಾನುವಾರ ಮಧ್ಯಾಹ್ನ, ಹೆಂಡತಿ ಅಂಗಡಿಗೆ ಹೋಗಿದ್ದಾಗ, ಮೈಕಿನ ಬಟನ್ ಒತ್ತಿದೆ. "ಯಾರಾದ್ರೂ ಇದೀರಾ?" ಎಂದು ತಮಾಷೆಗೆ ಕೇಳಿ ಬಟನ್ ಬಿಟ್ಟೆ.

"ಇದೀನಿ," ಎಂದಿತು ಒಂದು ಹೆಣ್ಣುದನಿ. ಬರುವಾಗ ಮೊಸರು ತನ್ನಿ ಅನ್ನುವಷ್ಟು ಸಮಾಧಾನವಾಗಿ, "ಇಂಚರನ್ನ ಬಾಲ್ಕನಿಗೆ ಬಿಡ್ಬೇಡಿ," ಎಂದಿತು. ಆಮೇಲೆ ಬರೀ ಗೊರಗೊರ.

ಇಂಚರ ನನ್ನ ಮಗಳು. ಆಗ ಏಳು ವರ್ಷದವಳು. ಕುರ್ಚಿ ಬೀಳಿಸಿಕೊಂಡು ಹಾಲ್‌ಗೆ ಓಡಿದೆ. ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಬಾಲ್ಕನಿಯ ಚಿಲಕ ಹಾಕಿಯೇ ಇತ್ತು. "ವಾಟ್ ಹ್ಯಾಪನ್ಡ್, ಅಪ್ಪಾ?" ಎಂದಳು. ಏನೂ ಆಗಿರಲಿಲ್ಲ. ಆದರೂ ಚಿಲಕವನ್ನು ಎರಡು ಸಲ ಎಳೆದು ನೋಡಿದೆ.

"ಲೀಕೇಜ್ ಲಾ! ಸಮ್‌ಬಡಿ ನಿಯರ್‌ಬೈ," ಎಂದು, ಸಂಜೆ ಟೀಗೆ ಬಂದ ಸೆಲ್ವಂ ಅಣ್ಣ ನಡೆದದ್ದನ್ನು ಕೇಳಿ ನಕ್ಕರು. ಹತ್ತಿರದ ಸ್ಟೇಷನ್ ಜೋರಾಗಿದ್ದರೆ ಆಂಟೆನಾ ಇಲ್ಲದೆಯೂ ಕೇಳಿಸುತ್ತದಂತೆ. ಒಪ್ಪಿದೆ. ಆದರೆ ಆ ಕಟ್ಟಡದಲ್ಲಿ ಕನ್ನಡದ ಮನೆ ನಮ್ಮದೊಂದೇ. ಆ ದನಿಗೆ ನನ್ನ ಮಗಳ ಹೆಸರು ಹೇಗೆ ಗೊತ್ತು ಎಂದು ಕೇಳಿದಾಗ ಅವರು ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಅಂದೇ ಬಾಲ್ಕನಿಗೆ ಬೀಗ ಹಾಕಿದೆ. ಬಟ್ಟೆ ಒಣಹಾಕಲು ಜಾಗವಿಲ್ಲವೆಂದು ಹೆಂಡತಿ ರೇಗಿದಳು. ಕೊನೆಗೆ ನೆಲಮಹಡಿಯ ಮನೆಗೇ ಬಂದುಬಿಟ್ಟೆವು. ಆದರೂ ಭಯ ಹೋಗಲಿಲ್ಲ. ಯಾವ ಮನೆಯ ಬಾಲ್ಕನಿ ಎಂದು ಆ ದನಿ ಹೇಳಿರಲಿಲ್ಲ, ಯಾವತ್ತು ಎಂದೂ ಹೇಳಿರಲಿಲ್ಲ.

ಇಂಚರ ಈ ವಾರ ಯೂನಿವರ್ಸಿಟಿ ಹಾಸ್ಟೆಲ್ ಸೇರಿದಳು. ನಿನ್ನೆ ತನ್ನ ಕೋಣೆಯಿಂದ ತೆಗೆದ ಒಂದು ಫೋಟೋ ಕಳಿಸಿದ್ದಾಳೆ. ಕೆಳಗೆ ಕಾರುಗಳು ಬೆಂಕಿಪೊಟ್ಟಣದಷ್ಟು ಕಾಣುತ್ತವೆ, ಅಂಚಿನಲ್ಲಿ ಬಾಲ್ಕನಿಯ ಕಂಬಿ. ತಕ್ಷಣ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ನಕ್ಕಳು. "ಚೆಕ್ ಯುವರ್ ವೈರಿಂಗ್, ಅಪ್ಪಾ."

ಸ್ಟೋರ್‌ರೂಮಿನಿಂದ ಆ ರೇಡಿಯೋ ತೆಗೆದಿದ್ದೇನೆ. ಅದೇ ಡಮ್ಮಿ ಲೋಡ್ ಸಿಕ್ಕಿಸಿ ಬೆಳಗಿನಿಂದ ಕೇಳುತ್ತಿದ್ದೇನೆ, ಯಾರಾದರೂ ಇದ್ದೀರಾ ಎಂದು. ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.