ಬೇಲಿಯಾಚೆಯ ಕೂಸು

ದೀಕ್ಷಾಸ್ನಾನ ಕೊಡುವ ಪಾದ್ರಿಗಳು ತುಮಕೂರಿನಿಂದ ಮಧುಗಿರಿಗೆ ಎತ್ತಿನ ಗಾಡಿಯಲ್ಲಿ ಬರುವುದೇ ಅಪರೂಪ. ಅವರು ಬರುವ ಮೊದಲೇ ನನ್ನ ತಮ್ಮ, ಇನ್ನೂ ಹೆಸರಿಡದ ಹಸುಗೂಸು, ತೀರಿಕೊಂಡ. ಪಾದ್ರಿಗಳಿಲ್ಲದಾಗ ನಮ್ಮ ಕ್ರೈಸ್ತ ಸಭೆ ನಡೆಸುವ ಉಪದೇಶಿಗಳು ಅವನನ್ನು ನಮ್ಮವರನ್ನು ಹೂಳುವ ಜಾಗದ ಬೇಲಿಯಾಚೆ ಹೂಳಿಸಿದರು. ದೀಕ್ಷಾಸ್ನಾನವಾಗದ ಮಗು ನರಕಕ್ಕೇ ಹೋಗುತ್ತದೆ ಎಂದರು. ಅಷ್ಟು ಹೇಳಿ ಊಟಕ್ಕೆ ಹೋದರು.

ಅವ್ವನಿಗೆ ಓದು ಬಾರದು. ಮನೆಯಲ್ಲಿ ಮಿಷನ್ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ. "ಅಂಗಂತ ಎಲ್ಲಿ ಬರ್ದೈತೆ, ಹುಡ್ಕು ಕಣಮ್ಮ," ಎಂದು ಬೈಬಲ್ಲನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅವಳು ರಾಗಿ ಬೀಸುವಾಗ ನಾನು ಗಟ್ಟಿಯಾಗಿ ಓದುತ್ತಿದ್ದೆ. ನರಕ ಎಂಬ ಮಾತು ಬಂದಾಗಲೆಲ್ಲ ಬೀಸುವ ಕಲ್ಲು ನಿಲ್ಲುತ್ತಿತ್ತು. ಮುಂದಿನ ಸಾಲಿನಲ್ಲಿ ತಮ್ಮ ಸಿಕ್ಕಿಬಿಟ್ಟರೆ?

ಪುಸ್ತಕ ಮುಗಿಯುವ ಹೊತ್ತಿಗೆ ಮುಂದಿನ ರಾಗಿ ಕೊಯ್ಲು ಬಂದಿತ್ತು. ಉಪದೇಶಿಗಳು ಹೇಳಿದ ಮಾತು ಎಲ್ಲೂ ಸಿಗಲಿಲ್ಲ. ಆದರೂ ಹೆದರಿಕೆ ಹೋಗಲಿಲ್ಲ; ಯಾವುದೋ ಸಾಲು ನನ್ನ ಕಣ್ಣು ತಪ್ಪಿಸಿರಬಹುದು.

ಭಾನುವಾರ ಆರಾಧನೆಯಾದ ಮೇಲೆ ಅವ್ವ ನನ್ನ ಕೈ ಹಿಡಿದು ಉಪದೇಶಿಗಳ ಮುಂದೆ ನಿಂತಳು. ನಾವು ಕ್ರೈಸ್ತರಾದಾಗಲೇ ನೆಂಟರು ನಮ್ಮನ್ನು ದೂರವಿಟ್ಟಿದ್ದರು, ಸಭೆಯವರೂ ಹೊರಗೆ ಹಾಕಿದರೆ ನಮಗೆ ಯಾರೂ ಇರಲಿಲ್ಲ.

"ನಮಗೆ ಸಿಕ್ನಿಲ್ಲ ಅಯ್ಯಾ. ನೀವೇ ಬೆರ್ಳಿಟ್ಟು ತೋರ್ಸ್ಬುಡಿ," ಎಂದಳು.

ಅವರು ಕೈಯಲ್ಲಿದ್ದ ಬೈಬಲ್ ತೆರೆಯಲಿಲ್ಲ.

"ಬೇಲಿಯಾಚೆ ನನ್ನ ಕೂಸೂ ಐತೆ ಕಣಮ್ಮ," ಎಂದರು. "ಹುಡುಕಿದ್ರೆ ಆ ಮಾತು ಸಿಕ್ಬುಟ್ಟಾತು ಅಂತ ಹೆದರ್ಕಂಡು, ಇವತ್ತಿನವರ್ಗೂ ನಾನು ಹುಡುಕೇ ಇಲ್ಲ."