ಸಾಹೇಬರ ನೊಣ

ನಿಮ್ಮ ಅಜ್ಜ ಮೀನು ಹಿಡಿದ ಕಥೆಯನ್ನು ನೀವು ಅವರ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೀರಿ. ಪ್ರತಿ ಸಲವೂ ಆ ಮೀನು ಒಂದೊಂದು ಗೇಣು ಉದ್ದವಾಗುತ್ತಿತ್ತು. ಈಗ ಅವರಿಲ್ಲ. ಮೀನು ಬೆಳೆಯುವುದೂ ನಿಂತಿದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ನಾಲ್ಕು ಜನರ ಎದುರು ಹೇಳು ಎಂದರೆ ನನ್ನಿಂದ ಆಗದು.

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನಾನೂ ನಿಮ್ಮ ಅಮ್ಮನೂ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಮಸ್ಕತ್ತಿನ ಸೀಬ್‌ನಲ್ಲಿದ್ದ ನಿಮ್ಮ ಅಜ್ಜನ ಎರಡು ಕೋಣೆಯ ಫ್ಲ್ಯಾಟಿಗೆ ಬಂದಿದ್ದೆವು. ನಿಮ್ಮ ಅಮ್ಮನಿಗೆ ಐದು ವರ್ಷ. ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ ಅಪ್ಪನನ್ನು ಅವಳು 'ಮಾಮ' ಎಂದೇ ಕರೆಯುತ್ತಿದ್ದಳು. ಇಲ್ಲಿಗೆ ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಆ ಮಾಮ ಅವಳಿಗೆ ದಿನಾ ಚಾಕಲೇಟು ತಂದುಕೊಟ್ಟು 'ಅಪ್ಪ' ಎನ್ನುವುದನ್ನು ಬಾಯಿಪಾಠ ಮಾಡಿಸುತ್ತಿದ್ದರು.

ನಾವು ಉಳಿಯಬೇಕಾದರೆ ಫ್ಯಾಮಿಲಿ ವೀಸಾ ಆಗಬೇಕಿತ್ತು. ಅದಕ್ಕೆ ಕಫೀಲ್, ಅಂದರೆ ನಿಮ್ಮ ಅಜ್ಜನ ವೀಸಾಕ್ಕೆ ಹೊಣೆಯಾದ ಅರಬ್ ಮಾಲೀಕ, ಸಹಿ ಹಾಕಬೇಕು. ಕಫೀಲ್ ಸಹಿ ಹಾಕಲು ಕಂಪನಿಯ ಇಂಗ್ಲಿಷ್ ಸಾಹೇಬರು ನಾಲ್ಕು ಸಾಲಿನ ಒಂದು ಕಾಗದ ಬರೆಯಬೇಕು. ನಾಲ್ಕು ಸಾಲು ಬರೆಯಲು ಸಾಹೇಬರು ಎರಡು ತಿಂಗಳು ತೆಗೆದುಕೊಂಡಿದ್ದರು. ಇನ್ನೂ ಬರೆದಿರಲಿಲ್ಲ. ಜನವರಿ ಮುಗಿದರೆ ನಾವು ಊರಿಗೆ, ನಿಮ್ಮ ಅಜ್ಜ ಮತ್ತೆ ಮಾಮ.

ಸಾಹೇಬರಿಗೆ ಲೋಕದಲ್ಲಿ ಒಂದೇ ಆಸಕ್ತಿ, ಗಾಳ ಹಾಕುವುದು. ಅವರ ಊರಿನ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ಇದೆಯಂತೆ. ಮಸ್ಕತ್ತಿನಲ್ಲಿ ಅದು ಇಲ್ಲವೆಂದು ಅವರು ಸಮುದ್ರದ ಮೀನಿನ ಮೇಲೆ ಅಭ್ಯಾಸ ಮಾಡುತ್ತಿದ್ದರು. ಇದನ್ನು ತಿಳಿದ ನಿಮ್ಮ ಅಜ್ಜ, ತಾನು ಕಡಲತೀರದವನು, ಹುಟ್ಟಿದ್ದೇ ಗಾಳ ಹಿಡಿದು ಎಂದು ಹೇಳಿಬಿಟ್ಟರು. ಅದುವರೆಗೆ ಅವರು ಹಿಡಿದ ಮೀನೆಲ್ಲ ಊಟದ ತಟ್ಟೆಯಲ್ಲಿದ್ದದ್ದು. ಸಾಹೇಬರು ನಂಬಿದರು, ಬರುವ ಶುಕ್ರವಾರ ಬೆಳಿಗ್ಗೆ ಅಲ್ ಅಜೈಬಾದ ಬೀಚಿಗೆ ಬಾ ಎಂದರು.

"ಸಾಹೇಬ್ರ ಹತ್ರ ನೊಣ ಎಲ್ಲ ಮುಗ್ದಿದೆಯಂತೆ, ಮಾರಾಯ್ತಿ. ಒಂದೇ ಉಳ್ದದ್ದಂತೆ," ಎಂದರು ಮನೆಗೆ ಬಂದು.

"ನೊಣ ಎಂತಕ್ಕೆ?"

"ಗಾಳಕ್ಕೆ. ಅವ್ರದ್ದು ನೊಣದ ಗಾಳ. ನಾವು ತಕೊಂಡು ಹೋದ್ರೆ ಖುಷಿ ಆಗ್ತದೆ. ಕಾಗದ ನೆನಪಾಗ್ತದೆ."

ಊರಿನ ಹೊಳೆಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿದವಳು ನಾನು. ನೊಣ ಸಿಕ್ಕಿಸುವುದು ಹೇಗೆಂದು ಹೊಳೆಯಲಿಲ್ಲ. ಆದರೆ ನಾನು ಏಳನೇ ಕ್ಲಾಸಿನವರೆಗೆ ಓದಿದವಳು, ಅವರು ಆಫೀಸಿನಲ್ಲಿ ಇಂಗ್ಲಿಷ್ ಟೈಪ್ ಮಾಡುವವರು. ಎರಡು ದಿನ ಬಾಲ್ಕನಿಯಲ್ಲಿ ಜಾಮ್ ಬಾಟಲಿಗೆ ಬೆಲ್ಲ ಹಚ್ಚಿಟ್ಟು ಕಾದೆ. ಇಪ್ಪತ್ತಮೂರು ನೊಣ ಬಿದ್ದವು. ಸಾಹೇಬರಿಗೆ ಸತ್ತ ನೊಣ ಕೊಡಬಾರದೆಂದು ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿದೆ.

ಹೊರಡುವಾಗ ನನಗೆ ಎರಡು ಅಪ್ಪಣೆಯಾಯಿತು. ಮದುವೆಯ ಜರಿ ಸೀರೆ ಉಡಬೇಕು. ಸಾಹೇಬರು ಏನು ಕೇಳಿದರೂ ನಗಬೇಕು, ಮಾತಾಡಬಾರದು. ಎರಡನೆಯದು ನನಗೆ ಕಷ್ಟವಿರಲಿಲ್ಲ.

ನಮ್ಮ ಜೊತೆ ಇಬ್ಬರು ಸ್ನೇಹಿತರು ಬಂದರು. ಒಬ್ಬರು ಮಂಗಳೂರಿನವರು, ಕಾರು ಅವರದೇ. ಹೆಂಡತಿ ಅರೆದುಕೊಟ್ಟ ಮಸಾಲೆ, ಕಾವಲಿ, ಸೀಮೆಎಣ್ಣೆ ಸ್ಟೌ ಎಲ್ಲ ಹೊತ್ತು ತಂದಿದ್ದರು. ಮೀನು ಮಾತ್ರ ಬಾಕಿ. ಇನ್ನೊಬ್ಬರು ಮೈಸೂರಿನ ಇಂಜಿನಿಯರು. ಮೀನು ತಿನ್ನುವವರಲ್ಲ, ಸುಮ್ಮನೆ ನೋಡಲು ಬಂದವರು. ಒಮಾನಿನ ಆ ಘೋರ ಚಳಿಗೆ, ಅಂದರೆ ನಾನು ಮನೆಯಲ್ಲಿ ಫ್ಯಾನ್ ಹಾಕದ ಚಳಿಗೆ, ಸ್ವೆಟರು ತೊಟ್ಟು ಉಣ್ಣೆಯ ಮಂಕಿ ಕ್ಯಾಪ್ ಹಾಕಿಕೊಂಡಿದ್ದರು.

ಸಾಹೇಬರು ಮೊಣಕಾಲ ನೀರಿನಲ್ಲಿ ನಿಂತಿದ್ದರು. ನಿಮ್ಮ ಅಜ್ಜ ಎರಡೂ ಕೈಯಲ್ಲಿ ಬಾಟಲಿಯನ್ನು ಪ್ರಸಾದದಂತೆ ಚಾಚಿ, "ಫ್ಲೈಸ್, ಸರ್. ಫ್ರೆಶ್," ಎಂದರು.

ಸಾಹೇಬರು ಬಾಟಲಿಯನ್ನು ನೋಡಿದರು. ನಿಮ್ಮ ಅಜ್ಜನನ್ನು ನೋಡಿದರು. ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ತೋರಿಸಿದರು. ಒಳಗೆ ಒಂದು ಕೊಕ್ಕೆ, ಅದಕ್ಕೆ ದಾರದಲ್ಲಿ ಕಟ್ಟಿದ ಪುಕ್ಕ. ಇಂಗ್ಲಿಷಿನಲ್ಲಿ ಅದೇ ನೊಣವಂತೆ.

"ನೊಣ ಅಂದ್ರೆ ನೊಣ ಅಲ್ವಾ ಮಾರಾಯ?" ಎಂದು ಮಂಗಳೂರಿನವರು ಪಿಸುಗುಟ್ಟಿದರು. ಅಷ್ಟರಲ್ಲಿ ನಿಮ್ಮ ಅಮ್ಮ ಬಾಟಲಿಯ ಮುಚ್ಚಳ ತೆಗೆದಾಗಿತ್ತು. ಇಪ್ಪತ್ತಮೂರೂ ನೆಟ್ಟಗೆ ಮಸಾಲೆಯ ಡಬ್ಬಿಗೆ ಹೋದವು.

ಕಡಲತೀರದ ಗಂಡಲ್ಲವೇ, ನಿನ್ನ ಕೈಚಳಕ ತೋರಿಸು ಎಂದು ಸಾಹೇಬರು ಕೋಲು ಕೊಟ್ಟರು. ಆ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಬೀಸಬೇಕು. ನಿಮ್ಮ ಅಜ್ಜ ಹಿಂದಕ್ಕೆ ಬೀಸಿದ್ದು ಚೆನ್ನಾಗಿಯೇ ಇತ್ತು. ಮುಂದಕ್ಕೆ ಬರಲಿಲ್ಲ.

"ಅಯ್ಯಯ್ಯೋ! ನನ್ನ ಕ್ಯಾಪು ಕಣ್ರೀ! ಎಳೀಬೇಡ್ರೀ!"

ಎಳೆದರು. ಸಾಹೇಬರ ಕೊನೆಯ ನೊಣ ಪುಕ್ಕವನ್ನೆಲ್ಲ ಉಣ್ಣೆಯಲ್ಲಿ ಬಿಟ್ಟು ಬರಿಯ ಕೊಕ್ಕೆಯಾಗಿ ಹೊರಬಂತು. ಸಾಹೇಬರು ಬೈಯಲಿಲ್ಲ. ವಾಚು ನೋಡಿ ದಾರ ಸುತ್ತತೊಡಗಿದರು. ಆ ದಾರದ ಜೊತೆಗೇ ನಮ್ಮ ಕಾಗದವೂ ಸುತ್ತಿಕೊಂಡು ಹೋಗುತ್ತಿರುವಂತೆ ನನಗೆ ಕಂಡಿತು. ನಿಮ್ಮ ಅಜ್ಜನ ಮುಖ ನೋಡಲಾಗಲಿಲ್ಲ.

ಆ ಕೊಕ್ಕೆಯನ್ನು ದಾರದ ತುದಿಯಿಂದ ಬಿಡಿಸಿ ಕೈಗೆ ತೆಗೆದುಕೊಂಡೆ. ಪುಕ್ಕ ಕಟ್ಟುವ ವಿದ್ಯೆಯಲ್ಲಿ ಇದ್ದದ್ದು ಗಂಟು ಅಷ್ಟೆ. ಒಂದರ ಮೇಲೊಂದು ಇಟ್ಟು, ದಾರ ಸುತ್ತಿ, ಬಿಗಿಯುವ ಗಂಟು. ನಾನು ಶಾಲೆಗೆ ಹೋಗುವ ಮೊದಲು ದಿನಾ ಬೆಳಿಗ್ಗೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಚೆಂಡು ಮಾಡಿ ಮಾರಲು ಕಳಿಸಿದವಳು. ಕಣ್ಣು ಮುಚ್ಚಿ ಕಟ್ಟಬಲ್ಲೆ. ಮರಳಿನಲ್ಲಿ ಕಡಲಹಕ್ಕಿಯ ಬಿಳಿ ಪುಕ್ಕ ಬಿದ್ದಿತ್ತು. ದಾರವಿರಲಿಲ್ಲ. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಜರಿಯ ಎಳೆ ಎಳೆದೆ. ಮಲ್ಲಿಗೆಯ ಗಂಟೇ ಹಾಕಿದೆ.

ಕೊಡಲು ನಾಚಿಕೆಯಾಗಿ ನಿಮ್ಮ ಅಮ್ಮನ ಕೈಯಲ್ಲಿ ಕಳಿಸಿದೆ. ಅವಳು ಓಡಿಹೋಗಿ, "ಅಪ್ಪಾ, ಇದು ಅಮ್ಮ ಮಾಡಿದ್ದು," ಎಂದಳು. ಚಾಕಲೇಟಿಲ್ಲದೆ ಹೇಳಿದ ಮೊದಲ 'ಅಪ್ಪ' ಅದು. ನಿಮ್ಮ ಅಜ್ಜ ಗಾಳ ಮರೆತು ಅವಳನ್ನೇ ಎತ್ತಿಕೊಂಡರು. ಸಾಹೇಬರೇ ಅದನ್ನು ತೆಗೆದುಕೊಂಡು ದಾರಕ್ಕೆ ಕಟ್ಟಿದರು.

ಮೂರನೆಯ ಬೀಸಿಗೆ ಮೀನು ಕಚ್ಚಿತು. ಸಾಹೇಬರು ಸಂತೋಷಕ್ಕೆ ಕೋಲನ್ನು ನಿಮ್ಮ ಅಜ್ಜನ ಕೈಗೆ ಕೊಟ್ಟರು, ಅವರು ಎಳೆದರು. ಅವರು ಹಿಡಿದದ್ದು ಅಷ್ಟು. ಒಂದು ಮೊಳದ ಬೆಳ್ಳಿ ಮೈಯ ಮೀನು. ಮಂಗಳೂರಿನವರು ಮಸಾಲೆಯಿಂದ ನೊಣ ಆರಿಸುವುದನ್ನು ಬಿಟ್ಟು ಸ್ಟೌ ಹಚ್ಚಿದರು. ಸಾಹೇಬರು ಮೀನಿನ ಬಾಯಿಂದ ಕೊಕ್ಕೆ ಬಿಡಿಸಿ, ಬೆನ್ನು ಸವರಿ, ಅದನ್ನು ಸಮುದ್ರಕ್ಕೇ ಬಿಟ್ಟರು.

"ಬಿಟ್ರು! ಬಿಟ್ಟೇ ಬಿಟ್ರಲ್ಲ ಮಾರಾಯ! ಈ ಮಸಾಲೆ ಎಂತ ಮಾಡುದು ಇನ್ನು?"

"ಬದನೆಕಾಯಿಗೆ ಸವರಿ," ಎಂದರು ಕ್ಯಾಪು ಹರಿದ ಮೈಸೂರಿನವರು.

ಸಾಹೇಬರು ನನ್ನ ಹತ್ತಿರ ಬಂದು ಏನೋ ಕೇಳಿದರು. ನಾನು ಅಪ್ಪಣೆಯಂತೆ ನಕ್ಕೆ.

"ಯಾರು ಕಲ್ಸಿದ್ದು ಅಂತ ಕೇಳ್ತಿದ್ದಾರೆ," ಎಂದರು ನಿಮ್ಮ ಅಜ್ಜ.

"ಮಲ್ಲಿಗೆ ಅಂತ ಹೇಳಿ."

"ಮೈ ಟ್ರೈನಿಂಗ್, ಸರ್," ಎಂದರು. ಅಷ್ಟು ಇಂಗ್ಲಿಷ್ ನನಗೂ ಬರುತ್ತಿತ್ತು.

ಏಪ್ರಿಲ್‌ನಲ್ಲಿ ಸಾಹೇಬರು ಊರಿಗೆ ಹೋಗುವವರು, ಟ್ರೌಟ್ ಹಿಡಿಯಲು ಇಂಥವು ಎರಡು ಡಜನ್ ಬೇಕಂತೆ. ಸಾವಕಾಶವಾಗಿ ಮಾಡಲಿ, ಅವಸರವಿಲ್ಲ ಎಂದರಂತೆ. ನಿಮ್ಮ ಅಜ್ಜ ಆಗಲೇ "ಯೆಸ್ ಸರ್, ಯೆಸ್ ಸರ್" ಶುರು ಮಾಡಿದ್ದರು. ಕಾಗದದ ಸುದ್ದಿ ಅವರ ಬಾಯಿಂದ ಇವತ್ತೂ ಬರುವುದಿಲ್ಲವೆಂದು ನನಗೆ ಗೊತ್ತಾಯಿತು. ನಾನು ಸಾಹೇಬರ ಬೂಟು ನೋಡುತ್ತ ಹೇಳಿದೆ: "ವೀಸಾ ಜನವರಿ ಖಲಾಸ್."

ಮೂರೇ ಪದ. ಒಂದೂ ಕನ್ನಡದ್ದಲ್ಲ. ಅನುವಾದ ಬೇಕಾಗಲಿಲ್ಲ. ಸಾಹೇಬರ ಮುಖ ಕೆಂಪಾಯಿತು.

ಶನಿವಾರ ಆಫೀಸು ತೆರೆದಾಗ ಕಾಗದ ಟೈಪಾಗಿತ್ತು. ಟೈಪ್ ಮಾಡಿದ್ದು ನಿಮ್ಮ ಅಜ್ಜನೇ, ಸಹಿ ಸಾಹೇಬರದು.

ಟ್ರೌಟ್ ಮೀನನ್ನು ನಾನು ಇಂದಿಗೂ ಕಂಡಿಲ್ಲ. ಎರಡು ಡಜನ್ನಿಗೆ ಸೆರಗಿನ ಜರಿಯೆಲ್ಲ ಹೋಯಿತು. ಆ ಸೀರೆ ಈಗ ನಿಮ್ಮ ಅಮ್ಮನ ಕಪಾಟಿನಲ್ಲಿದೆ. ಅಂಚನ್ನು ಇಲಿ ಕಡಿದಿದೆ ಎಂದು ಅವಳು ಇನ್ನೂ ನನ್ನನ್ನು ಬೈಯುತ್ತಾಳೆ.